ಐವತ್ತು ಸೀರೆ ಬಿಚ್ಚಿಟ್ಟರೂ ಮುಖ ಗಂಟಿಕ್ಕದವರು

"ಪರವಾಗಿಲ್ಲ ಬಿಡಿ ಅಕ್ಕಾ, ಇನ್ನೊಂದು ಕಲರ್ ತೋರಿಸ್ತೀನಿ."

ಮದುವೆ ಸೀಸನ್ನಿನಲ್ಲಿ ತಾಲ್ಲೂಕಿನ ಯಾವ ಬಟ್ಟೆ ಅಂಗಡಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತೆ. ಐವತ್ತು ಸೀರೆ ಬಿಚ್ಚಿಸಿ, ಕೊನೆಗೆ 'ಮನೇಲಿ ಕೇಳ್ಕೊಂಡು ಬರ್ತೀವಿ' ಅಂತ ಎದ್ದು ಹೋಗುವ ಗಿರಾಕಿಗೂ ಬಾಗಿಲ ತನಕ ನಗುಮುಖ. ಅವರು ಹೋದ ಮೇಲೆ ಅಷ್ಟನ್ನೂ ಮೊದಲಿನ ಮಡಿಕೆಯಲ್ಲೇ ಮಡಚಿ ಎತ್ತಿಡೋದೂ ಆಕೆಯೇ.

'ಆ ಹುಡುಗಿ ಸ್ವಭಾವವೇ ಒಳ್ಳೇದು' ಅಂತ ಜನ ಮೆಚ್ಚುತ್ತಾರೆ. ಸ್ವಭಾವ ಇರಬಹುದು, ಆದರೆ ಅದು ದುಡಿಮೆಯೂ ಹೌದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಗಗನಸಖಿಯರ ಕೆಲಸವನ್ನು ಹತ್ತಿರದಿಂದ ಗಮನಿಸಿ 1983ರಲ್ಲಿ ಒಂದು ಪುಸ್ತಕ ಬರೆದರು. ಒಳಗಿನ ಸಿಟ್ಟು, ಸಂಕಟ ಅದುಮಿಟ್ಟುಕೊಂಡು ಎದುರಿನವರಿಗೆ ಹಿತವೆನಿಸುವ ಮುಖ ತೋರಿಸೋದು ಸಂಬಳದ ಕೆಲಸದಲ್ಲೇ ಸೇರಿದೆ, ಅದು 'ಭಾವನಾತ್ಮಕ ದುಡಿಮೆ' ಎಂದರು. ಮೂಟೆ ಹೊತ್ತವನ ಬೆನ್ನುನೋವು ಕಾಣುತ್ತೆ. ಇದು ಕಾಣಲ್ಲ.

ಕೌಂಟರ್ ಹಿಂದೆ ನಿಂತವರ ದಿನ ಶುರುವಾಗೋದು ಅಂಗಡಿ ಬಾಗಿಲಲ್ಲಲ್ಲ. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳು ಅಡುಗೆ ಮುಗಿಸಿ, ಮಕ್ಕಳಿಗೆ ಬುತ್ತಿ ಕಟ್ಟಿ, ಅತ್ತೆಯ ಬಿಪಿ ಮಾತ್ರೆ ಎತ್ತಿಟ್ಟು ಬಸ್ ಹತ್ತುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡು ಉಳಿಯಿತು, ನಿಜ. ಸಂಘದ ಕಂತು ಉಳಿದೇ ಇದೆ. ಕೆಲಸದ ಹೊತ್ತಲ್ಲಿ ಫೋನ್ ಮುಟ್ಟಬಾರದು ಅನ್ನೋ ಅಂಗಡಿಯಲ್ಲಿ, ಮಗುವಿಗೆ ಜ್ವರ ಬಂದ ಸುದ್ದಿ ತಾಯಿಗೆ ಗೊತ್ತಾಗೋದು ಮಧ್ಯಾಹ್ನ ಊಟಕ್ಕೆ ಕೂತಾಗ. ಊಟ ಮುಗಿಸಿ ಬಂದು ಮತ್ತೆ 'ಬನ್ನಿ ಅಕ್ಕಾ' ಅನ್ನಬೇಕು.

ಇಂಥವರಲ್ಲೇ ಕೆಲವರು ಕೆಲಸಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅಪ್ಪನನ್ನು ಸೇರಿಸಿ ಆಸ್ಪತ್ರೆ ಬಾಗಿಲಲ್ಲಿ ರಾತ್ರಿ ಕಳೆದ ಮೆಡಿಕಲ್ ಶಾಪ್ ಹುಡುಗನಿಗೆ ಚೀಟಿ ಹಿಡಿದು ಗಾಬರಿಯಲ್ಲಿ ನಿಂತ ಅಜ್ಜನ ಮುಖ ಬೇಗ ಅರ್ಥವಾಗುತ್ತೆ. ಮಾತ್ರೆ ಕವರಿನ ಮೇಲೆ ಬೆಳಿಗ್ಗೆಗೊಂದು, ರಾತ್ರಿಗೊಂದು ಗೆರೆ ಎಳೆದು ಕೊಡ್ತಾನೆ. ಹಾಗಂತ ಕಷ್ಟ ಕಂಡವರೆಲ್ಲ ಮೃದುವಾಗ್ತಾರೆ ಅನ್ನೋಕಾಗಲ್ಲ. ಕಷ್ಟದಿಂದಲೇ ಸಿಡುಕರಾದವರೂ ನಮ್ಮ ಪೇಟೆಯಲ್ಲಿ ಬೇಕಾದಷ್ಟಿದ್ದಾರೆ, ಅವರನ್ನೂ ದೂರೋಹಾಗಿಲ್ಲ.

ನಗುವಿನ ಹಿಂದಿನ ಕಾಲುನೋವು ಬೀದಿಗೆ ಬಂದಿದ್ದು ಪಕ್ಕದ ಕೇರಳದಲ್ಲಿ. ಕೋಯಿಕ್ಕೋಡ್‌ನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುತ್ತಿದ್ದ ಹೆಂಗಸರಿಗೆ ಶೌಚಾಲಯವೂ ಇರಲಿಲ್ಲ, ಕೂರಲು ಸ್ಟೂಲೂ ಇರಲಿಲ್ಲ. ಗಿರಾಕಿ ಇಲ್ಲದಾಗಲೂ ನಿಂತೇ ಇರಬೇಕು. ಬಟ್ಟೆ ಹೊಲಿಯುತ್ತಿದ್ದ ಪಿ. ವಿಜಿ 'ಪೆಣ್‌ಕೂಟ್ಟು' ಎಂಬ ಸಂಘಟನೆ ಕಟ್ಟಿ ಹೋರಾಡಿದರು. 2018ರಲ್ಲಿ ಕೇರಳ ಕಾನೂನು ತಿದ್ದಿ ಅಂಗಡಿ ನೌಕರರಿಗೆ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಕೂರೋಕೆ ಕಾನೂನು ಬೇಕಾಯಿತು ಅಂದರೆ ನಂಬೋಕೆ ಕಷ್ಟ, ಆದರೆ ಆದದ್ದು ಹಾಗೇ.

ನಮ್ಮಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂದಾಗಲೇ ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ರಜೆ ಎಂದು ಬರೆಯಲಾಗಿತ್ತು. ಹಬ್ಬದ ಸೀಸನ್ನಿನಲ್ಲಿ ಆ ರಜೆ ಎಲ್ಲಿ ಹೋಗುತ್ತೆ ಅನ್ನೋದು ಮಾಲೀಕರಿಗೂ ಗೊತ್ತು, ಕೆಲಸದವರಿಗೂ ಗೊತ್ತು.

ಮಾಲೀಕರ ಕಷ್ಟ ಸುಳ್ಳಲ್ಲ. ಆನ್‌ಲೈನ್‌ನವರ ಜೊತೆ ಪೈಪೋಟಿ, ಬಾಡಿಗೆ, ಉದ್ರಿ. ಆದರೆ ಆನ್‌ಲೈನ್‌ನಲ್ಲಿ ಸಿಗದ ಒಂದೇ ಸರಕು ಅಂದರೆ 'ಹೋದ ಸಲ ಮಗಳಿಗೆ ತಗೊಂಡ್ರಲ್ಲಾ, ಚೆನ್ನಾಗಿ ಒಪ್ಪಿತಾ?' ಅಂತ ಕೇಳುವ ಹುಡುಗಿ. ಅವಳನ್ನು ಉಳಿಸಿಕೊಳ್ಳೋಕೆ ಕೌಂಟರ್ ಹಿಂದೆ ಒಂದು ಸ್ಟೂಲ್ ಹಾಕಬಹುದು, ಮನೆ ಫೋನ್ ಬಂದರೆ ಎತ್ತಲು ಬಿಡಬಹುದು. ಗಿರಾಕಿ ಬಾಯಿಗೆ ಬಂದಂತೆ ಬೈದಾಗ ಗಲ್ಲಾದಿಂದ ಎದ್ದು ಬಂದು 'ನನ್ನ ಹತ್ರ ಹೇಳಿ ಸಾರ್' ಅನ್ನುವ ಮಾಲೀಕರೂ ಇದ್ದಾರೆ. ಅಂಥ ಅಂಗಡಿ ಬಿಟ್ಟು ಹೋಗೋಕೆ ಕೆಲಸದವರಿಗೆ ಮನಸ್ಸು ಬರಲ್ಲ.

ರಾತ್ರಿ ಕೊನೆ ಬಸ್ಸಿಗೆ ಇನ್ನು ಹತ್ತು ನಿಮಿಷ ಇರುವಾಗ ಯಾರೋ ಒಳಗೆ ಬಂದು 'ಒಂದೇ ಒಂದು ಸೀರೆ ನೋಡ್ತೀವಮ್ಮಾ' ಅನ್ನುತ್ತಾರೆ. ಆಕೆ ಗಡಿಯಾರ ನೋಡಿ, ತೋಳಿಗೆ ಹಾಕಿದ್ದ ಬ್ಯಾಗ್ ಕೆಳಗಿಟ್ಟು, "ಬನ್ನಿ ಅಕ್ಕಾ" ಅಂತಾಳೆ.