ಕಂಪ್ಯೂಟರಿನ ಪೂರ್ತಿ ಪಡಿಯಚ್ಚು

ನಮ್ಮ ಊರುಗಳ ಯಾವುದಾದರೂ ಡಿಟಿಪಿ ಅಂಗಡಿಯ ಕಂಪ್ಯೂಟರನ್ನು ತೆಗೆದುಕೊಳ್ಳಿ. ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್ಕುಗಳ ಫೈಲುಗಳು ಕಣ್ಣಿಗೆ ಕಾಣುವ ಸರಕು. ಅವುಗಳ ಬೆನ್ನಿಗೆ ವಿಂಡೋಸ್, ಪೇಜ್‌ಮೇಕರ್, ಕೋರೆಲ್‌ಡ್ರಾ, ನುಡಿ ತಂತ್ರಾಂಶ, ಪ್ರಿಂಟರಿನ ಡ್ರೈವರ್, ವರ್ಷಗಟ್ಟಲೆ ಒಗ್ಗಿಸಿಕೊಂಡ ಸೆಟ್ಟಿಂಗುಗಳು ಇರುತ್ತವೆ. ಹಾರ್ಡ್‌ಡಿಸ್ಕ್ ಕೈಕೊಟ್ಟಾಗ ಮಾಲೀಕರು ಪೆನ್‌ಡ್ರೈವಿನಲ್ಲಿ ಫೈಲುಗಳಿವೆಯೆಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಹಳೆಯ ನುಡಿ ಫಾಂಟಿನ ಫೈಲನ್ನು ಆಗಷ್ಟೇ ಹಾಕಿಸಿದ ವಿಂಡೋಸಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂರಿಸಿಕೊಂಡಿದ್ದವು. ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ, ನಿಜ. ಹಾಗೆ ಒಂದೊಂದನ್ನೇ ಹುಡುಕಿ, ಹಾಕಿ, ಹೊಂದಿಸುವಷ್ಟರಲ್ಲಿ ಮದುವೆಯ ಸೀಸನ್ ಮುಗಿದಿರುತ್ತದೆ. ಫೈಲುಗಳನ್ನು ಕಾಪಾಡುವುದೇ ಬೇರೆ, ಕೆಲಸ ಮಾಡುವ ಕಂಪ್ಯೂಟರನ್ನು ಕಾಪಾಡುವುದೇ ಬೇರೆ.

ಸಿ ಡ್ರೈವನ್ನು ಇಡಿಯಾಗಿ ಕಾಪಿ ಮಾಡಿಟ್ಟುಕೊಂಡರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ವಿಂಡೋಸ್ ಓಡುತ್ತಿರುವಾಗ, ಅದರ ಸೆಟ್ಟಿಂಗುಗಳನ್ನು ಹಿಡಿದಿಟ್ಟುಕೊಳ್ಳುವ ರಿಜಿಸ್ಟ್ರಿಯ ಫೈಲುಗಳಿಗೆ ಬೀಗ ಬಿದ್ದಿರುತ್ತದೆ. ಸಾಮಾನ್ಯ ಕಾಪಿಗೆ ಅವು ಸಿಗುವುದಿಲ್ಲ. ಯಾವ ಫೈಲನ್ನು ಯಾರು ಮುಟ್ಟಬಹುದು ಎಂಬ ಅನುಮತಿಗಳೂ ದಾರಿಯಲ್ಲಿ ಕಳೆದುಹೋಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ವಿಚ್ ಒತ್ತಿದೊಡನೆ ವಿಂಡೋಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಸಿ ಡ್ರೈವಿನಲ್ಲಿ ಇರುವುದೇ ಇಲ್ಲ. ಈಗಿನ ಯಂತ್ರಗಳಲ್ಲಿ ಅದು ಇರುವುದು ಇಎಫ್‌ಐ ಪಾರ್ಟಿಶನ್ ಎಂಬ ಪುಟ್ಟ ಭಾಗದಲ್ಲಿ. ಸಾಮಾನ್ಯವಾಗಿ 100ರಿಂದ 300 ಎಂಬಿ ಅದರ ಗಾತ್ರ. ಅದಕ್ಕೆ ಡ್ರೈವಿನ ಅಕ್ಷರವೇ ಇಲ್ಲದ್ದರಿಂದ ಬಳಸುವವರ ಕಣ್ಣಿಗೆ ಬೀಳದು.

ಹಾಗಾಗಿ ಫೈಲುಗಳ ಗೊಡವೆ ಬಿಟ್ಟು ಡಿಸ್ಕನ್ನೇ, ಪಾರ್ಟಿಶನ್ನುಗಳ ಸಮೇತ, ಇದ್ದದ್ದು ಇದ್ದಂತೆ ಎತ್ತಿಕೊಳ್ಳಬೇಕು. ಇದಕ್ಕೆ ಡಿಸ್ಕ್ ಇಮೇಜ್ ಎನ್ನುತ್ತಾರೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮರ್ರಿ ಹ್ಯಾಸ್ಜಾರ್ಡ್ 1990ರ ದಶಕದ ನಡುವಿನಲ್ಲಿ ಬರೆದ ಘೋಸ್ಟ್ ಎಂಬ ತಂತ್ರಾಂಶ ಈ ವಿದ್ಯೆಯನ್ನು ಮನೆಮಾತಾಗಿಸಿತು. 1998ರಲ್ಲಿ ಸಿಮ್ಯಾಂಟೆಕ್ ಕಂಪನಿ ಅದನ್ನು ಕೊಂಡ ಮೇಲೆ ಅದು ನಾರ್ಟನ್ ಘೋಸ್ಟ್ ಆಯಿತು. ಕಾಲೇಜು ಲ್ಯಾಬಿನ ಒಂದು ಯಂತ್ರವನ್ನು ಸಿದ್ಧಮಾಡಿ ಉಳಿದೆಲ್ಲಕ್ಕೂ ಅದನ್ನೇ ಇಳಿಸುವುದು ರೂಢಿಯಾಯಿತು. ಇಂದು ಅದೇ ಕೆಲಸಕ್ಕೆ ನಾನು ಹೇಳುವುದು ಕ್ಲೋನ್‌ಜಿಲ್ಲಾ. ತೈವಾನಿನವರು ಕಟ್ಟಿದ್ದು, ಪುಕ್ಕಟೆ, ಸ್ವತಂತ್ರ ತಂತ್ರಾಂಶ.

ಅದನ್ನು ಪೆನ್‌ಡ್ರೈವಿಗೆ ಹಾಕಿ ಅಲ್ಲಿಂದಲೇ ಬೂಟ್ ಮಾಡಬೇಕು. ಆಗ ವಿಂಡೋಸ್ ಮಲಗಿರುತ್ತದೆ, ಯಾವ ಫೈಲಿಗೂ ಬೀಗವಿರುವುದಿಲ್ಲ. ಒಂದು ಎಚ್ಚರ: ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿ ಉಳಿಯುತ್ತದೆ. ರೀಸ್ಟಾರ್ಟ್ ಒತ್ತಿ ಬೂಟ್ ಮೆನುವಿಗೆ ಹೋಗುವುದೇ ಕ್ಷೇಮ. ಮುಂದೆ ನೀಲಿ ಪರದೆಯ ಮೇಲೆ ಡಿಸ್ಕುಗಳು ಎಸ್‌ಡಿಎ, ಎಸ್‌ಡಿಬಿ ಎಂಬಂಥ ಹೆಸರುಗಳಲ್ಲಿ ಬರುತ್ತವೆ. ಇಲ್ಲಿ ಅವಸರ ಕೂಡದು. ಹೆಸರು ನಂಬದೆ ಗಾತ್ರವನ್ನೂ ಕಂಪನಿಯನ್ನೂ ಓದಿಕೊಳ್ಳಿ. ಇಮೇಜನ್ನು ಡಿಸ್ಕಿಗೆ ಮರಳಿ ಇಳಿಸುವಾಗ, ಅಂದರೆ ರಿಸ್ಟೋರ್ ಮಾಡುವಾಗ, ಆರಿಸಿದ ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ; ಅದಕ್ಕೇ ಆ ತಂತ್ರಾಂಶ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುವುದು. ಬಳಕೆಯಾದ ಜಾಗವನ್ನಷ್ಟೇ ಎತ್ತಿಕೊಂಡು ಒತ್ತಿಡುವುದರಿಂದ, 500 ಜಿಬಿ ಡಿಸ್ಕಿನಲ್ಲಿ 80 ಜಿಬಿ ತುಂಬಿದ್ದರೆ ಇಮೇಜ್ ಸಾಮಾನ್ಯವಾಗಿ 80 ಜಿಬಿಗಿಂತ ಚಿಕ್ಕದೇ ಆಗುತ್ತದೆ.

ಇಮೇಜನ್ನು ಎಲ್ಲಿಡಬೇಕು? ವಿಂಡೋಸಿನ ರಿಸ್ಟೋರ್ ಪಾಯಿಂಟುಗಳು ಕೆಟ್ಟ ಡ್ರೈವರಿನಿಂದ ಪಾರಾಗಲು ಸಾಕು, ಆದರೆ ಅವು ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕ್ ಹೋದರೆ ಅವೂ ಹೋದವು. ಸದಾ ಸಿಕ್ಕಿಸಿಟ್ಟ ಎಕ್ಸ್‌ಟರ್ನಲ್ ಡಿಸ್ಕಿಗೂ ಭರವಸೆಯಿಲ್ಲ, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಅದನ್ನೂ ನುಂಗುತ್ತದೆ. ಡೆನ್ಮಾರ್ಕಿನ ಹಡಗು ಕಂಪನಿ ಮೆರ್ಸ್ಕ್ 2017ರ ಜೂನ್ 27ರಂದು, ಒಂದಕ್ಕೊಂದು ಜೋಡಿಸಿಟ್ಟ ಪ್ರತಿಗಳು ಒಟ್ಟಿಗೇ ಹೋಗುವುದನ್ನು ಕಂಡಿತು. ನೌಕರರ ಲಾಗಿನ್ನು, ಅಧಿಕಾರಗಳ ಲೆಕ್ಕವಿಡುವ ಡೊಮೇನ್ ಕಂಟ್ರೋಲರ್ ಎಂಬ ಸರ್ವರುಗಳು ಜಗತ್ತಿನಾದ್ಯಂತ ಅದಕ್ಕಿದ್ದವು. ಅವು ತಮ್ಮತಮ್ಮಲ್ಲಿ ಮಾಹಿತಿ ಹಂಚಿಕೊಳ್ಳುತ್ತಿದ್ದುದರಿಂದ ಒಂದು ಹೋದರೆ ಇನ್ನೊಂದಿದೆ ಎಂಬ ಧೈರ್ಯ. ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಎಲ್ಲವನ್ನೂ ಒಮ್ಮೆಗೇ ಅಳಿಸಿತು. ಉಳಿದದ್ದು ಘಾನಾ ದೇಶದ ಕಚೇರಿಯ ಒಂದೇ ಒಂದು. ಅದೂ ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ ಯಂತ್ರ ಆಫ್ ಆಗಿದ್ದರಿಂದ. ಇಂಟರ್ನೆಟ್ಟಿನಲ್ಲಿ ಕಳಿಸಲು ವೇಗ ಸಾಲದೆ, ಹಾರ್ಡ್‌ಡಿಸ್ಕನ್ನು ಕೈಯಿಂದ ಕೈಗೆ ದಾಟಿಸಿ, ನೈಜೀರಿಯಾದ ಮೂಲಕ ವಿಮಾನದಲ್ಲಿ ಇಂಗ್ಲೆಂಡಿಗೆ ತಂದರು. ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಮತ್ತೆ ಕಟ್ಟಬೇಕಾಯಿತು. ಕೇಬಲ್ ಕಿತ್ತು ಕಪಾಟಿನಲ್ಲಿಟ್ಟ ಡಿಸ್ಕಿನ ಬೆಲೆ ಇಂಥ ದಿನ ಗೊತ್ತಾಗುತ್ತದೆ.

ರಿಸ್ಟೋರ್ ಮಾಡಿ ನೋಡದ ಇಮೇಜನ್ನು ನಾನು ಬ್ಯಾಕಪ್ ಎಂದು ಎಣಿಸುವುದೇ ಇಲ್ಲ. ಕೆಲಸ ಬಿಡುವಾಗಿರುವಾಗ ಹಳೆಯ ಡಿಸ್ಕನ್ನು ಬಿಚ್ಚಿಟ್ಟು, ಅಷ್ಟೇ ಗಾತ್ರದ ಅಥವಾ ಅದಕ್ಕಿಂತ ದೊಡ್ಡದಾದ ಬೇರೆ ಡಿಸ್ಕಿಗೆ ಇಮೇಜ್ ಇಳಿಸಿ, ಯಂತ್ರ ಏಳುತ್ತದೆಯೇ, ಪ್ರಿಂಟ್ ಬರುತ್ತದೆಯೇ ಪರೀಕ್ಷಿಸಿ. ಹೊಸದಾಗಿ ವಿಂಡೋಸ್ ಹಾಕಿ ಬೇಕಾದ ತಂತ್ರಾಂಶವೆಲ್ಲ ಹೊಂದಿಸಿ ಮುಗಿಸಿದ ದಿನವೇ ಮೊದಲ ಇಮೇಜ್ ತೆಗೆಯಬೇಕು. ದಿನನಿತ್ಯದ ಫೈಲುಗಳ ಕಾಪಿ ಬೇರೆಯೇ ನಡೆಯುತ್ತಿರಲಿ.

ಹೊಸ ಲ್ಯಾಪ್‌ಟಾಪ್ ಕೊಂಡವರು ಇನ್ನೊಂದು ಕೆಲಸ ಮಾಡಬೇಕು. ಹಲವು ಲ್ಯಾಪ್‌ಟಾಪುಗಳಲ್ಲಿ ನೀವು ಕೇಳದಿದ್ದರೂ ಡಿಸ್ಕ್ ಬಿಟ್‌ಲಾಕರ್ ಗೂಢಲಿಪಿಯಲ್ಲಿರುತ್ತದೆ. ಬೂಟ್ ಆಗುವ ಬಗೆಯಲ್ಲಿ ಏನಾದರೂ ಬದಲಾದರೆ 48 ಅಂಕಿಗಳ ಕೀಲಿ ಕೇಳುತ್ತದೆ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷದ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತಾಗ, ಸೇಫ್ ಮೋಡಿಗೆ ಹೋಗಿ ಒಂದು ಫೈಲನ್ನು ಅಳಿಸುವುದೇ ಪರಿಹಾರವಾಗಿತ್ತು. ಎಷ್ಟೋ ಕಚೇರಿಗಳು ಅಷ್ಟು ಮಾಡಲೂ ಮೊದಲು ಈ ಕೀಲಿ ಹುಡುಕಬೇಕಾಯಿತು. ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿಸಿದ್ದರೆ ಅಲ್ಲಿ ಸಿಗುತ್ತದೆ. ಇವತ್ತೇ ತೆಗೆದು ಕಾಗದದ ಮೇಲೆ ಬರೆದು, ಲ್ಯಾಪ್‌ಟಾಪಿನ ಬ್ಯಾಗಿನಲ್ಲಿಡದೆ ಬೇರೆ ಕಡೆ ಇಡಿ.