ತೊನ್ನಿಗೆ ಬಾವಂಚಿ, ಬಾವಂಚಿಗೆ ಬಿಸಿಲು

ಹೈದರಾಬಾದಿನ ಎರ್ರಗಡ್ಡದಲ್ಲಿ ಕೇಂದ್ರ ಸರ್ಕಾರದ ಯುನಾನಿ ಸಂಶೋಧನಾ ಸಂಸ್ಥೆಯೊಂದಿದೆ. 1971ರಲ್ಲಿ ಶುರುವಾದ ಇದು ಈಚೆಗೆ ಚರ್ಮರೋಗಗಳ ರಾಷ್ಟ್ರೀಯ ಯುನಾನಿ ಸಂಶೋಧನಾ ಸಂಸ್ಥೆ ಎಂಬ ಹೆಸರು ಪಡೆದಿದೆ. ತೊನ್ನಿನ ಚಿಕಿತ್ಸೆಗೆ ಇದು ದೇಶದಲ್ಲೇ ಹೆಸರುವಾಸಿ. ಇಲ್ಲಿ ರೋಗಿಗೆ ಹೊಟ್ಟೆಗೊಂದು ಔಷಧಿ, ಮೈಗೊಂದು ಲೇಪ ಕೊಡುತ್ತಾರೆ; ಎರಡರಲ್ಲೂ ಬಾವಂಚಿ ಬೀಜ ಮುಖ್ಯ. ಲೇಪ ಹಚ್ಚಿಕೊಂಡವರು ಬಿಳಿ ಮಚ್ಚೆಗಳನ್ನು ಬಿಸಿಲಿಗೆ ಒಡ್ಡಬೇಕು. ಬಿಸಿಲು ತಾಕದಿದ್ದರೆ ಲೇಪದ ಕೆಲಸ ಅರ್ಧಕ್ಕೇ ನಿಂತಂತೆ. ಔಷಧಿಯೂ ಬೆಳಕೂ ಹೀಗೆ ಜೋಡಿಯಾದದ್ದು ಹೇಗೆ ಎಂದು ಹುಡುಕುತ್ತ ಹೋದರೆ ಅಥರ್ವವೇದದ ಕಾಲದಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರೆಗೆ, ಅಲ್ಲಿಂದ ಕೈರೊ, ಬಾಸ್ಟನ್‌ಗಳವರೆಗೆ ಹರಡಿದ ಒಂದು ಉದ್ದನೆಯ ಚರಿತ್ರೆ ತೆರೆದುಕೊಳ್ಳುತ್ತದೆ.

ತೊನ್ನು ಅಂಟುರೋಗವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಜೀವಕೋಶಗಳು ಕೆಲವು ಕಡೆ ನಾಶವಾಗಿ ಅಲ್ಲಿ ಬಿಳುಪು ಉಳಿಯುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಆ ಕೋಶಗಳ ಮೇಲೆ ಎರಗುವುದು ಇದಕ್ಕೆ ಮುಖ್ಯ ಕಾರಣ. ಹಿಂದೆ ಇದನ್ನು ಕುಷ್ಠದ ಸಾಲಿಗೇ ಸೇರಿಸಿದ್ದರು. ಆ ತಪ್ಪು ತಿಳಿವಳಿಕೆಯಿಂದ ಎಷ್ಟೋ ಮನೆಗಳಲ್ಲಿ ಮದುವೆ ಮಾತುಕತೆಗಳು ಮುರಿದಿವೆ, ಮುಚ್ಚಿಡುವ ಸಂಕಟ ಬೆಳೆದಿದೆ. ಔಷಧಿಗಾಗಿ ಜನ ಊರೂರು ಅಲೆದದ್ದಕ್ಕೆ ರೋಗದಷ್ಟೇ ಈ ಅವಮಾನವೂ ಕಾರಣ.

ಅಥರ್ವವೇದದ ಮೊದಲ ಕಾಂಡದಲ್ಲಿ ಬಿಳಿ ಮಚ್ಚೆಗಳನ್ನು ಹೋಗಲಾಡಿಸಲು ಕಪ್ಪು ಬಣ್ಣದ ಮೂಲಿಕೆಯೊಂದನ್ನು ಪ್ರಾರ್ಥಿಸುವ ಸೂಕ್ತಗಳಿವೆ. ಆ ಮೂಲಿಕೆ ಬಾವಂಚಿಯೇ ಎಂದು ಹೇಳುವವರಿದ್ದಾರೆ. ಸೂಕ್ತದ ಮಾತಿನಿಂದಷ್ಟೇ ಅದನ್ನು ಖಚಿತಪಡಿಸಲಾಗದು. ಚರಕ ಸಂಹಿತೆಯ ಮಾತು ಹೆಚ್ಚು ಸ್ಪಷ್ಟ. ಅದರ ಚಿಕಿತ್ಸಾಸ್ಥಾನದ ಕುಷ್ಠ ಅಧ್ಯಾಯದಲ್ಲಿ ಶ್ವಿತ್ರ ಅಂದರೆ ತೊನ್ನಿನ ರೋಗಿಗೆ ಕಾಡತ್ತಿಯ ರಸವನ್ನು ಬೆಲ್ಲದೊಡನೆ ಕುಡಿಸಿ, ಮೈಗೆ ಎಣ್ಣೆ ಸವರಿ, ಶಕ್ತಿ ಇದ್ದಷ್ಟು ಹೊತ್ತು ಬಿಸಿಲಿನಲ್ಲಿ ಇರಿಸಬೇಕೆಂದು ಹೇಳಿದೆ. ಮಚ್ಚೆಗಳ ಮೇಲೆ ಗುಳ್ಳೆಗಳೆದ್ದರೆ ಮುಳ್ಳಿನಿಂದ ಒಡೆಯಬೇಕೆಂಬ ವಿವರವೂ ಇದೆ. ಅತ್ತಿಯ ಕುಲದ ಗಿಡಗಳಲ್ಲಿ ಬೆಳಕಿಗೆ ಚರ್ಮವನ್ನು ಸೂಕ್ಷ್ಮಗೊಳಿಸುವ ರಾಸಾಯನಿಕಗಳಿರುವುದು ಈಗ ತಿಳಿದಿದೆ. ಗುಳ್ಳೆ ಏಳುವುದು ಅದೇ ಕ್ರಿಯೆಯ ಅತಿರೇಕ. ಕಾರಣ ಗೊತ್ತಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ನೋಡಿ, ಬಿಸಿಲಿಗೂ ಒಂದು ಅಳತೆ ಬೇಕೆಂದು ಕಂಡುಕೊಂಡ ಆ ವೈದ್ಯರ ಗಮನ ದೊಡ್ಡದು.

ಇದೇ ಜಾಣ್ಮೆ ನೈಲ್ ನದಿಯ ದಡದಲ್ಲೂ ಬೇರೆ ಗಿಡದ ಮೂಲಕ ಬೆಳೆದಿತ್ತು. ಅರಬ್ಬರು ಆತ್ರಿಲಾಲ್ ಎಂದು ಕರೆದ ಗಿಡದ ಬೀಜವನ್ನು ಜೇನಿನೊಡನೆ ತಿನ್ನಿಸಿ ರೋಗಿಯನ್ನು ಬಿಸಿಲಿನಲ್ಲಿ ಕೂರಿಸುವ ಪದ್ಧತಿಯನ್ನು 13ನೇ ಶತಮಾನದ ಸಸ್ಯಶಾಸ್ತ್ರಜ್ಞ ಇಬ್ನ್ ಅಲ್-ಬೈತಾರ್ ಬರೆದಿಟ್ಟಿದ್ದಾನೆ. ಅರಬ್ ವೈದ್ಯಪದ್ಧತಿ ಭಾರತಕ್ಕೆ ಬಂದು ಯುನಾನಿಯಾದಾಗ ಇಲ್ಲಿನ ಬಾವಂಚಿಯೂ ಅದರ ಬುಟ್ಟಿ ಸೇರಿತು. ಹೈದರಾಬಾದ್ ಈ ಪದ್ಧತಿಗೆ ತವರಿನಂತಾಯಿತು. 1591ರಲ್ಲಿ ನಗರ ಕಟ್ಟಿದ ಮುಹಮ್ಮದ್ ಕುಲಿ ಕುತುಬ್ ಶಾ ಕೆಲವೇ ವರ್ಷಗಳಲ್ಲಿ ದಾರುಶ್ಶಿಫಾ ಎಂಬ ಆಸ್ಪತ್ರೆಯನ್ನೂ ಕಟ್ಟಿಸಿದ. ಹಕೀಮರು ಅಲ್ಲೇ ಚಿಕಿತ್ಸೆಯನ್ನೂ ಪಾಠವನ್ನೂ ನಡೆಸಿದರು. ಅಸಫ್ ಜಾಹಿ ಅರಸರ ಕಾಲದಲ್ಲಿ ಚಾರ್‌ಮಿನಾರ್ ಪಕ್ಕದಲ್ಲೇ ಯುನಾನಿ ಆಸ್ಪತ್ರೆ ಎದ್ದಿತು. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ, ದೊಡ್ಡ ಕಾಯಿಲೆ ಬಂದರೆ ರೈಲು ಹತ್ತಿ ಹೈದರಾಬಾದಿಗೆ ಹೋಗುವುದು ಆ ಸೀಮೆಯ ಕನ್ನಡಿಗರಿಗೆ ತಲೆಮಾರುಗಳ ರೂಢಿ.

ಯುರೋಪಿನಲ್ಲಿ ಬೆಳಕಿನ ಚಿಕಿತ್ಸೆ ಬೇರೆ ಬಾಗಿಲಿನಿಂದ ಬಂತು. 1801ರಲ್ಲಿ ಯೋಹಾನ್ ರಿಟ್ಟರ್ ನೇರಳೆಯ ಆಚೆಗಿನ, ಕಣ್ಣಿಗೆ ಕಾಣದ ಕಿರಣಗಳನ್ನು ಗುರುತಿಸಿದ. ಆ ನೇರಳಾತೀತ ಕಿರಣಗಳನ್ನು ಆಸ್ಪತ್ರೆಗೆ ತಂದವನು ಫೆರೋ ದ್ವೀಪಗಳಲ್ಲಿ ಹುಟ್ಟಿದ ನೀಲ್ಸ್ ಫಿನ್ಸೆನ್. ಚರ್ಮದ ಕ್ಷಯಕ್ಕೆ ಅವನು ಕಾರ್ಬನ್ ಆರ್ಕ್ ದೀಪದ ಬೆಳಕನ್ನು ಮಸೂರಗಳಿಂದ ಒಟ್ಟುಗೂಡಿಸಿ ಹಾಯಿಸಿದ. ಮುಖ ಕೊರೆದುಹೋಗುತ್ತಿದ್ದ ರೋಗಿಗಳು ಗುಣವಾದರು. 1896ರಲ್ಲಿ ಕೋಪನ್‌ಹೇಗನ್‌ನಲ್ಲಿ ಅವನ ಸಂಸ್ಥೆ ಶುರುವಾಯಿತು, 1903ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮೂವತ್ತು ವರ್ಷಗಳ ಬಳಿಕ ಜಾಮ್‌ನಗರದಲ್ಲಿ ಮಹಾರಾಜ ರಣಜಿತ್‌ಸಿಂಹ್ ಫ್ರಾನ್ಸಿನ ವೈದ್ಯ ಜಾನ್ ಸೈದ್ಮಾನ್‌ನ ವಿನ್ಯಾಸದಂತೆ ಸೂರ್ಯನೊಡನೆ ತಿರುಗುವ ಸೌರಚಿಕಿತ್ಸಾ ಮಂದಿರ ಕಟ್ಟಿಸಿದರು. ಆ ಕಟ್ಟಡ 1933ರದು.

ಫಿನ್ಸೆನ್‌ಗಿಂತ ಮೊದಲೇ ಬಣ್ಣದ ಹೆಸರಿನಲ್ಲಿ ಮತ್ತೊಂದು ಪಂಥ ಶುರುವಾಗಿತ್ತು. 1870ರ ದಶಕದಲ್ಲಿ ಫಿಲಡೆಲ್ಫಿಯಾದ ಅಗಸ್ಟಸ್ ಪ್ಲೆಸಂಟನ್ ನೀಲಿ ಗಾಜಿನಡಿ ಬೆಳೆಸಿದ ದ್ರಾಕ್ಷಿ, ಹಂದಿಗಳು ಹೆಚ್ಚು ಬೆಳೆದುವೆಂದು ಸಾರಿದ. ಅಮೆರಿಕದಲ್ಲಿ ಮನೆಮನೆಗೆ ನೀಲಿ ಗಾಜು ಬಂತು. 1878ರಲ್ಲಿ ಎಡ್ವಿನ್ ಬ್ಯಾಬಿಟ್ ಪ್ರತಿ ಬಣ್ಣಕ್ಕೂ ಒಂದೊಂದು ರೋಗದ ಹೊಣೆ ಹೊರಿಸುವ ದಪ್ಪ ಪುಸ್ತಕ ಬರೆದ. ಮುಂಬೈಯ ಪಾರ್ಸಿ ದಿನ್‌ಶಾ ಗಡಿಯಾಲಿ ಅಮೆರಿಕಕ್ಕೆ ಹೋಗಿ 1920ರಲ್ಲಿ ಸ್ಪೆಕ್ಟ್ರೊ-ಕ್ರೋಮ್ ಎಂಬ ಯಂತ್ರ ತಂದ: ಒಂದು ವಿದ್ಯುದ್ದೀಪ, ಅದರ ಮುಂದೆ ಬಣ್ಣದ ಗಾಜುಗಳು, ಹನ್ನೆರಡು ಬಣ್ಣಗಳ ಮಿಶ್ರಣ, ಅವುಗಳಿಂದ ಹೆಚ್ಚುಕಡಿಮೆ ಎಲ್ಲ ರೋಗಕ್ಕೂ ಮದ್ದು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಟ್ಟು ಹಳದಿ ದೀಪದ ಕೆಳಗೆ ಕೂರುವಂಥ ಸಲಹೆ ಪ್ರಾಣಾಪಾಯದ್ದು. 1947ರಲ್ಲಿ ನ್ಯೂಜೆರ್ಸಿಯ ನ್ಯಾಯಾಲಯ ಗಡಿಯಾಲಿಗೆ ದಂಡ ವಿಧಿಸಿತು. ಭಾರತದಲ್ಲಿ ಬಣ್ಣದ ಬಾಟಲಿಗಳಲ್ಲಿ ನೀರು ತುಂಬಿ ಬಿಸಿಲಿಗಿಟ್ಟು ಕುಡಿಸುವ ಪದ್ಧತಿ ಪ್ರಕೃತಿ ಚಿಕಿತ್ಸೆಯ ಜೊತೆಗೇ ಬೇರೂರಿತು. ಹೈದರಾಬಾದಿನ ಬಲ್ಕಂಪೇಟೆಯ ನೇಚರ್ ಕ್ಯೂರ್ ಆಸ್ಪತ್ರೆ ದಕ್ಷಿಣದಲ್ಲಿ ಆ ಚಳವಳಿಯ ಹಿರಿಯ ಕೇಂದ್ರ. ಕರ್ನಾಟಕದಲ್ಲಿ 1989ರಲ್ಲಿ ಉಜಿರೆಯಲ್ಲಿ ಶುರುವಾದ ಪ್ರಕೃತಿ ಚಿಕಿತ್ಸಾ ಕಾಲೇಜು ಅದರ ಮುಂದಿನ ಕೊಂಡಿ. ವರ್ಣಚಿಕಿತ್ಸೆ ಅಲ್ಲಿನ ಪದವಿಯ ಪಠ್ಯದಲ್ಲೇ ಇದೆ. ಬಿಸಿಲ ಸ್ನಾನದಿಂದ ವಿಟಮಿನ್ ಡಿ ಸಿಗುವುದು ನಿಜ. ಬಾಟಲಿಯ ಬಣ್ಣ ನೀರಿನಲ್ಲಿ ಉಳಿದು ರೋಗ ವಾಸಿಮಾಡುತ್ತದೆ ಎಂಬುದಕ್ಕೆ ಮಾತ್ರ ಆಧಾರ ಸಿಕ್ಕಿಲ್ಲ.

ಈ ಎರಡು ದಾರಿಗಳು ಬೇರ್ಪಡುವುದು ಒಂದೇ ಪ್ರಶ್ನೆಯಲ್ಲಿ: ಬೆಳಕು ಮೈಗೆ ಬಿದ್ದಾಗ ಅದನ್ನು ಹೀರಿಕೊಳ್ಳುವ ವಸ್ತು ಯಾವುದು? ಬಾವಂಚಿಯ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರದ ಮೊದಲ ಅರ್ಧ ಸಿಕ್ಕಿದ್ದು ಬೆಂಗಳೂರಿನಲ್ಲಿ. ಮೈಸೂರು ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳು ಆಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದುವು. ಅಲ್ಲಿನ ರಸಾಯನಶಾಸ್ತ್ರಜ್ಞರಾದ ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್ 1933ರಲ್ಲಿ ಬಾವಂಚಿ ಬೀಜದಿಂದ ಹರಳಿನ ರೂಪದ ಶುದ್ಧ ವಸ್ತುವನ್ನು ಬೇರ್ಪಡಿಸಿ, ಗಿಡದ ಲ್ಯಾಟಿನ್ ಹೆಸರನ್ನೇ ಹಿಡಿದು ಸೋರಲೆನ್ ಎಂದು ಕರೆದರು. ಭಾರತೀಯ ರಸಾಯನ ಸಂಘದ ಪತ್ರಿಕೆಯಲ್ಲಿ ಆ ವರದಿ ಬಂತು. ಮೂರು ವರ್ಷಗಳಲ್ಲಿ ಜೋಯಿಸ್ ಮತ್ತು ಮಂಜುನಾಥ್ ವಿಯೆನ್ನಾದ ಎರ್ನ್ಸ್ಟ್ ಸ್ಪೇತ್ ಜೊತೆಗೂಡಿ ಅದರ ಅಣುರಚನೆಯನ್ನು ಸ್ಥಾಪಿಸಿ, ಪ್ರಯೋಗಶಾಲೆಯಲ್ಲೇ ಅದನ್ನು ಕಟ್ಟಿ ತೋರಿಸಿದರು. ಮುಂದೆ ಮಂಜುನಾಥ್ ಭಾರತದ ನೈಸರ್ಗಿಕ ಸಂಪತ್ತಿನ ಮಹಾಕೋಶ ‘ವೆಲ್ತ್ ಆಫ್ ಇಂಡಿಯಾ’ದ ಮೊದಲ ಸಂಪುಟದ ಸಂಪಾದಕರೂ ಆದರು. ಜಗತ್ತಿನ ಪ್ರತಿಯೊಂದು ಚರ್ಮರೋಗ ವಿಭಾಗದ ಪಠ್ಯದಲ್ಲೂ ಇರುವ ಸೋರಲೆನ್ ಎಂಬ ಹೆಸರು ಬೆಂಗಳೂರಿನ ಕಾಲೇಜೊಂದರ ಪ್ರಯೋಗಶಾಲೆಯಿಂದ ಹೊರಟಿತು ಎಂಬುದು ಕನ್ನಡದ ಶಾಲಾಪುಸ್ತಕಗಳಲ್ಲಿ ಇರಬೇಕಾದ ಸಂಗತಿ.

ಉತ್ತರದ ಇನ್ನರ್ಧ, ಅಂದರೆ ಸೋರಲೆನ್‌ಗೂ ಬೆಳಕಿಗೂ ಇರುವ ನಂಟು, ಬೇರೆ ಕಡೆ ಬಯಲಾಯಿತು. ಈ ಬಗೆಯ ಸಸ್ಯರಾಸಾಯನಿಕಗಳೇ ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುತ್ತವೆ ಎಂದು 1938ರಲ್ಲಿ ಕುಸ್ಕೆ ಎಂಬ ಸಂಶೋಧಕ ತೋರಿಸಿದ. ಕೈರೊದಲ್ಲಿ ಫಹ್ಮಿ ಮತ್ತು ಸಂಗಡಿಗರು 1947ರಲ್ಲಿ ಆತ್ರಿಲಾಲ್ ಬೀಜದಿಂದ ಸೋರಲೆನ್‌ನ ಬಂಧುವಸ್ತುಗಳನ್ನು ಬೇರ್ಪಡಿಸಿದರು. ವೈದ್ಯ ಅಬ್ದೆಲ್ ಮೊನೆಮ್ ಎಲ್ ಮೊಫ್ತಿ ಅವುಗಳಲ್ಲಿ ಒಂದನ್ನು ತೊನ್ನಿನ ರೋಗಿಗಳಿಗೆ ಕೊಟ್ಟು, ಬಿಸಿಲಿಗೆ ಒಡ್ಡಿ, 1948ರಲ್ಲಿ ಫಲಿತಾಂಶ ಪ್ರಕಟಿಸಿದ. ಬಾವಂಚಿ ಮತ್ತು ಆತ್ರಿಲಾಲ್, ಬಂಗಾಳ ಕೊಲ್ಲಿಯ ಈಚೆಗೂ ಕೆಂಪು ಸಮುದ್ರದ ಆಚೆಗೂ ಬೆಳೆದ ಎರಡು ಬೀಜಗಳು, ಒಂದೇ ಮನೆತನದ ಅಣುವನ್ನು ಹೊತ್ತಿದ್ದುವು.

1974ರಲ್ಲಿ ಬಾಸ್ಟನ್ನಿನ ಪ್ಯಾರಿಶ್, ಫಿಟ್ಜ್‌ಪ್ಯಾಟ್ರಿಕ್, ಟೆನೆನ್‌ಬಾಮ್ ಮತ್ತು ಭಾರತೀಯ ಮೂಲದ ಮಧು ಪಾಠಕ್ ಸೇರಿ, ಸೋರಲೆನ್ ಗುಳಿಗೆ ನುಂಗಿಸಿ ಎರಡು ಗಂಟೆಯ ನಂತರ ನೇರಳಾತೀತ ‘ಎ’ ಕಿರಣಗಳ ದೀಪಗಳ ನಡುವೆ ನಿಲ್ಲಿಸುವ ವಿಧಾನವನ್ನು ಸೋರಿಯಾಸಿಸ್‌ಗೆ ಪ್ರಯೋಗಿಸಿದರು. ಆಸ್ಪತ್ರೆಗಳಲ್ಲಿ ಇದನ್ನು ಪೂವಾ ಎನ್ನುತ್ತಾರೆ. ಗುಳಿಗೆಯ ಅಣು ಚರ್ಮದ ಕೋಶದ ಡಿಎನ್‌ಎ ಎಳೆಗಳ ನಡುವೆ ನುಸುಳಿ ಸುಮ್ಮನಿರುತ್ತದೆ. 320ರಿಂದ 400 ನ್ಯಾನೊಮೀಟರಿನ ಕಿರಣ ತಾಕಿದೊಡನೆ ಎರಡು ಎಳೆಗಳನ್ನೂ ಬೆಸೆಯುತ್ತದೆ. ಸೋರಿಯಾಸಿಸ್‌ನಲ್ಲಿ ಹದ್ದು ಮೀರಿ ಬೆಳೆಯುವ ಕೋಶಗಳ ವೇಗ ಇದರಿಂದ ತಗ್ಗುತ್ತದೆ. ತೊನ್ನಿನಲ್ಲಿ ಕೂದಲಿನ ಬುಡದಲ್ಲಿ ಉಳಿದಿರುವ ಬಣ್ಣದ ಕೋಶಗಳು ಎಚ್ಚೆತ್ತು ಮೇಲಕ್ಕೆ ಸರಿಯುತ್ತವೆ. ಬಿಳಿ ಮಚ್ಚೆಯ ನಡುವೆ ಮೊದಲು ಸಾಸಿವೆಯಷ್ಟು ಕಂದು ಚುಕ್ಕೆಗಳು ಮೂಡಿ, ಹಿಗ್ಗಿ, ಕೂಡಿಕೊಳ್ಳುತ್ತವೆ. ಕೂದಲಿಲ್ಲದ ಬೆರಳ ತುದಿ, ತುಟಿಗಳಲ್ಲಿ ಬಣ್ಣ ಮರಳುವುದು ಕಷ್ಟವಾಗುವುದಕ್ಕೆ ಕಾರಣವೂ ಇದೇ.

ಪೂವಾದ ಬೆಲೆಯೂ ಕಡಿಮೆಯದಲ್ಲ. ವಾಕರಿಕೆ, ಮೈ ಸುಟ್ಟುಕೊಳ್ಳುವ ಅಪಾಯ, ಕಣ್ಣಿಗೆ ಕಡ್ಡಾಯ ಕಪ್ಪು ಕನ್ನಡಕ, ದೀರ್ಘಕಾಲ ಬಳಸಿದರೆ ಚರ್ಮದ ಕ್ಯಾನ್ಸರಿನ ಸಂಭವ. ಹಾಗಾಗಿ 1980ರ ದಶಕದಲ್ಲಿ ಬಂದ 311 ನ್ಯಾನೊಮೀಟರಿನ ‘ಬಿ’ ಕಿರಣದ ದೀಪಗಳು ಗುಳಿಗೆಯ ಹಂಗೇ ಇಲ್ಲದೆ ಕೆಲಸ ಮಾಡಿದಾಗ ಚರ್ಮವೈದ್ಯರು ಅತ್ತ ವಾಲಿದರು. 1997ರ ನಂತರ ತೊನ್ನಿಗೂ ಇದೇ ಮೊದಲ ಆಯ್ಕೆಯ ಬೆಳಕು. ಗರ್ಭಿಣಿಯರಿಗೂ ಮಕ್ಕಳಿಗೂ ಕೊಡಬಹುದು, ವಾರಕ್ಕೆ ಎರಡು ಮೂರು ಬಾರಿ, ತಿಂಗಳುಗಟ್ಟಲೆ. 2022ರಲ್ಲಿ ಅಮೆರಿಕ ಒಪ್ಪಿದ ರಕ್ಸೊಲಿಟಿನಿಬ್ ಮುಲಾಮು ರೋಗನಿರೋಧಕ ದಾಳಿಯನ್ನೇ ತಡೆಯುವ ಬೇರೆ ಹಾದಿ. ಹೈದರಾಬಾದಿನ ಯುನಾನಿ ಸಂಸ್ಥೆ ಮಾತ್ರ ಬೀಜ ಮತ್ತು ಬಿಸಿಲನ್ನೇ ಹಿಡಿದು, ಯುನಾನಿಯ ಕಫದೋಷದ ವಿವರಣೆಯ ಜೊತೆಗೇ ತನ್ನ ಔಷಧಿಗಳನ್ನು ಪರೀಕ್ಷಿಸುತ್ತ ಬಂದಿದೆ. ಬಾವಂಚಿಯನ್ನು ಮನೆಯಲ್ಲೇ ಅರೆದು ಹಚ್ಚಿಕೊಂಡರೆ ಮೈ ಬೊಬ್ಬೆಯೇಳುತ್ತದೆ. ಅಳತೆ ಮೀರಿ ತಿಂದವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳೂ ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ವೈದ್ಯರ ಕಣ್ಗಾವಲಿಲ್ಲದೆ ಇದನ್ನು ಯಾರೂ ಮುಟ್ಟಬಾರದು.

ಬಣ್ಣವೇ ಮದ್ದಾದ ಅತ್ಯಂತ ಸ್ಪಷ್ಟ ನಿದರ್ಶನ ನವಜಾತ ಶಿಶುಗಳ ವಾರ್ಡಿನಲ್ಲಿದೆ. 1956ರ ಬೇಸಿಗೆಯಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ಜೀನ್ ವಾರ್ಡ್ ದಿನ ತುಂಬದ ಮಕ್ಕಳನ್ನು ಅಂಗಳದ ಬಿಸಿಲಿಗೆ ತರುತ್ತಿದ್ದಳು. ಕಾಮಾಲೆಯ ಒಂದು ಮಗುವಿನ ಮೈಯಲ್ಲಿ ಬಟ್ಟೆ ಮುಚ್ಚಿದ್ದ ಮೂಲೆ ಮಾತ್ರ ಹಳದಿಯಾಗಿದ್ದು, ಉಳಿದೆಡೆ ಹಳದಿ ಇಳಿದಿರುವುದನ್ನು ವೈದ್ಯರಿಗೆ ತೋರಿಸಿದಳು. ಬಿಸಿಲಿಗೆ ಮರೆತಿಟ್ಟ ರಕ್ತದ ನಳಿಕೆಯಲ್ಲೂ ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ ಕುಸಿದಿತ್ತು. 1958ರಲ್ಲಿ ರಿಚರ್ಡ್ ಕ್ರೆಮರ್ ಮತ್ತು ಸಂಗಡಿಗರು ದೀಪದ ತೊಟ್ಟಿಲು ಮಾಡಿ ಇದನ್ನು ಸಾಬೀತುಪಡಿಸಿದರು. ಹಳದಿ ಬಿಲಿರುಬಿನ್ 460 ನ್ಯಾನೊಮೀಟರಿನ ಸುತ್ತಿನ ನೀಲಿ ಬೆಳಕನ್ನು ಹೀರಿ, ಮಡಿಕೆ ಬದಲಿಸಿ, ನೀರಿನಲ್ಲಿ ಕರಗುವ ರೂಪ ಪಡೆದು ಪಿತ್ತ ಮತ್ತು ಮೂತ್ರದಲ್ಲಿ ಹೊರಹೋಗುತ್ತದೆ. ಹಾಗಾಗದಿದ್ದರೆ ಅದು ಮಗುವಿನ ಮಿದುಳಿಗೆ ಇಳಿಯಬಹುದು. 1953ರಲ್ಲಿ ತೆರೆದ ಹೈದರಾಬಾದಿನ ನಿಲೋಫರ್ ಆಸ್ಪತ್ರೆಯಿಂದ ಹಿಡಿದು ನಮ್ಮ ಜಿಲ್ಲಾಸ್ಪತ್ರೆಗಳವರೆಗೆ ಹಸುಗೂಸುಗಳು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನೀಲಿ ದೀಪದಡಿ ಮಲಗುವುದು ಈ ಕಾರಣಕ್ಕೆ. ರಕ್ತ ಬದಲಿಸುವ ಅಪಾಯಕರ ಚಿಕಿತ್ಸೆ ಇದರಿಂದ ವಿರಳವಾಯಿತು.

ಬೆಳಕು ಈಗ ಕಣ್ಣಿನೊಳಕ್ಕೂ ಇಳಿದಿದೆ. ಹದಿಹರೆಯದಲ್ಲಿ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದೆ ಚಾಚುವ ಕೆರಟೊಕೋನಸ್‌ಗೆ ಜರ್ಮನಿಯ ಡ್ರೆಸ್ಡೆನ್‌ನ ವೈದ್ಯರು 2003ರಲ್ಲಿ ಹೊಸ ವಿಧಾನ ಪ್ರಕಟಿಸಿದರು. ಕಾರ್ನಿಯಾದ ಮೇಲ್ಪದರ ತೆಗೆದು ರೈಬೊಫ್ಲೇವಿನ್ ಅಂದರೆ ವಿಟಮಿನ್ ಬಿ2 ಹನಿ ಹಾಕಿ, ಅರ್ಧ ಗಂಟೆ 370 ನ್ಯಾನೊಮೀಟರಿನ ಕಿರಣ ಹಾಯಿಸಿದರೆ ಕೊಲಾಜನ್ ಎಳೆಗಳ ನಡುವೆ ಹೊಸ ಬೆಸುಗೆಗಳು ಬಿದ್ದು ಕಾರ್ನಿಯಾ ಬಿಗಿಯಾಗುತ್ತದೆ. 1987ರಲ್ಲಿ ಡಾ. ಗುಳ್ಳಪಲ್ಲಿ ನಾಗೇಶ್ವರ ರಾವ್ ಕಟ್ಟಿದ ಹೈದರಾಬಾದಿನ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಈ ಚಿಕಿತ್ಸೆ ಸಿಗುತ್ತದೆ. ಕೆಟ್ಟ ದೃಷ್ಟಿಯನ್ನು ಇದು ಮರಳಿಸುವುದಿಲ್ಲ, ರೋಗ ಮುಂದುವರಿಯುವುದನ್ನು ತಡೆಯುತ್ತದೆ. ಆದ್ದರಿಂದ ಕನ್ನಡಕದ ನಂಬರು ಮೇಲಿಂದ ಮೇಲೆ ಬದಲಾಗುವ, ಕಣ್ಣುಜ್ಜುವ ಅಭ್ಯಾಸವಿರುವ ಹುಡುಗ ಹುಡುಗಿಯರ ಕಾರ್ನಿಯಾವನ್ನು ಬೇಗ ಪರೀಕ್ಷೆ ಮಾಡಿಸಿದಷ್ಟೂ ಉಳಿಯುವ ದೃಷ್ಟಿ ಹೆಚ್ಚು.