ಟೇಪಿಲ್ಲದ ಕ್ಯಾಸೆಟ್ಟು

ನಮ್ಮ ದೊಡ್ಡಪ್ಪನ ಹಳೇ ಅಂಬಾಸಿಡರ್ ಕಾರಿನಲ್ಲಿ ಕ್ಯಾಸೆಟ್ ಮಾತ್ರ ಹಾಡುತ್ತೆ. ತೀರಿಹೋದ ಅಜ್ಜಿಯ ಸೋಬಾನೆ ಪದಗಳು ಇರೋದು ಫೋನಿನಲ್ಲಿ. ಅಕ್ಕನ ಮದುವೆ ದಿಬ್ಬಣಕ್ಕೆ ಅವೇ ಬೇಕಿತ್ತು. ದೊಡ್ಡಪ್ಪ ಅಡಾಪ್ಟರ್ ಕ್ಯಾಸೆಟ್ ತಂದರು.

ಅದರ ಅಳತೆ 1963ರಲ್ಲಿ ಫಿಲಿಪ್ಸ್ ಕಂಪನಿ ತಂದ ಕ್ಯಾಸೆಟ್ಟಿನದೇ. ಒಳಗೆ ಮಾತ್ರ ಟೇಪಿಲ್ಲ, ತಂತಿ ಸುರುಳಿಯ ಪುಟ್ಟ ಹೆಡ್ ಇದೆ. ಅದರ ವೈರನ್ನು ಫೋನಿನ ಇಯರ್‌ಫೋನ್ ತೂತಿಗೆ ಸಿಕ್ಕಿಸಬೇಕು. ಹಾಡು ವಿದ್ಯುತ್ತಾಗಿ ಸುರುಳಿಗೆ ಬಂದಾಗ ಅಲ್ಲಿ ಕಾಂತಕ್ಷೇತ್ರ ಏರಿಳಿಯುತ್ತೆ. ಟೇಪಿನಲ್ಲಿ ಇರೋದೂ ಕಾಂತದ ಗುರುತೇ ತಾನೇ? ಹಾಗಾಗಿ ಕಾರಿನ ಹೆಡ್ಡು ಟೇಪೇ ಓಡುತ್ತಿದೆ ಅಂದುಕೊಂಡು ಹಾಡುತ್ತೆ!

ಮೊದಲು ದನಿ ಮಂಕಾಗಿತ್ತು. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಕಾರಿನ ಹೆಡ್ಡು ಒರೆಸಿ, ಒಣಗಿಸಿದೆವು. ಅಜ್ಜಿ ಸ್ಪಷ್ಟವಾಗಿ ಹಾಡಿದರು. ಅಕ್ಕ ದಾರಿಯುದ್ದಕ್ಕೂ ಮಾತೇ ಆಡಲಿಲ್ಲ.